ಹುಣಸೆಮರದಲ್ಲಿ ನಾನೊಂದು ಕೊಂಬೆ

ನಾಟಕಶಾಲೆಯ ವರ್ಷದ ಕೊನೆಯ ನಾಟಕಕ್ಕೆ ಪಾತ್ರ ಹಂಚಿದ ದಿನ ನಾನು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಆಗ ಜವನಗೊಂಡನಹಳ್ಳಿ ಕಡೆಯ ಯಾವುದೋ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ. ಅವನ ದನಿಗಿಂತ ಮೊದಲು ಕುರಿಗಳ ದನಿ ಕೇಳಿಸಿತು.

“ಏನ್ ಪಾರ್ಟು ಕೊಟ್ರವ್ವ?”

“ಮರದ ಕೊಂಬೆ.”

ಸ್ವಲ್ಪ ಹೊತ್ತು ಆ ಕಡೆಯಿಂದ ಕುರಿಗಳೇ ಮಾತಾಡಿದವು.

“ಕೊಂಬೆ ಅಂದ್ರೆ? ಮಾತು ಐತಾ ಅದಕ್ಕೆ?”

“ಒಂದೂ ಇಲ್ಲ. ಆದ್ರೆ ಮೊದಲಿಂದ ಕೊನೆ ತಂಕ ಸ್ಟೇಜ್ ಮೇಲೇ ಇರ್ತೀನಿ.”

“ಮಾತಿಲ್ದಂಗೆ ನಿಂತ್ಕಳಾಕೆ ಹೊಸದುರ್ಗಕ್ಕೆ ಯಾಕೆ ಹೋಗ್ಬೇಕಿತ್ತು? ಇಲ್ಲೇ ನನ್ ಜೊತೆ ನಿಂತ್ಕಂಡಿದ್ರೆ ಆಗ್ತಿತ್ತಲ್ಲ” ಅಂದ.

ಅಪ್ಪ ಬೈದದ್ದಲ್ಲ, ಹಂಗಿಸಿದ್ದೂ ಅಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೂ ಆವತ್ತು ಆಗಿರಲಿಲ್ಲ. ಫೋನ್ ಇಟ್ಟವಳೇ ಹಾಸ್ಟೆಲಿನ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ಚೆನ್ನಾಗಿ ಅತ್ತೆ.

ಹಿರಿಯೂರಿನಲ್ಲಿ ಡಿಗ್ರಿ ಮುಗಿಸಿ, ಕಾಲೇಜಿನ ಸ್ಟೇಜಿನ ಮೇಲೆ ಸಿಕ್ಕಿದ ಚಪ್ಪಾಳೆಯ ಧೈರ್ಯದಲ್ಲಿ, ಹೊಸದುರ್ಗದ ಹತ್ತಿರದ ಒಂದು ಸಣ್ಣ ನಾಟಕಶಾಲೆಗೆ ಸೇರಿದವಳು ನಾನು. ನಮ್ಮ ಮನೆತನದಲ್ಲಿ ಯಾರೂ ಬಣ್ಣ ಹಚ್ಚಿದವರಲ್ಲ. ಕುರಿ, ಹೊಲ, ಮತ್ತೆ ಕುರಿ. ಚಿಕ್ಕಮ್ಮಂದಿರು “ಹೆಣ್ಣುಡುಗಿ ನಾಟಕ ಕಲಿಯಾದೇನು” ಎಂದು ರಾಗ ತೆಗೆದಾಗ ಅಪ್ಪ, “ಒಂದ್ ವರ್ಷ ತಾನೆ, ಹೋಗಿ ನೋಡ್ಕಂಡು ಬರ್ಲಿ ಬಿಡ್ರಿ” ಎಂದು ಮಾತು ಮುಗಿಸಿದ್ದ. ಅಂಥ ಅಪ್ಪನಿಗೆ ಹೇಳಿಕೊಳ್ಳುವಂಥ ಒಂದು ಪಾತ್ರ ಸಿಗಬೇಕಿತ್ತು ಅನ್ನುವುದೇ ನನ್ನ ಸಂಕಟ.

ನಾಟಕದ ಕತೆ ತೀರ ಸರಳ. ಹೆದ್ದಾರಿ ಅಗಲ ಮಾಡಲು ಊರ ಬಾಗಿಲಿನ ಹುಣಸೆಮರ ಕಡಿಯಬೇಕು. ಊರಿನವರಲ್ಲಿ ಕೆಲವರಿಗೆ ರಸ್ತೆ ಬೇಕು, ಕೆಲವರಿಗೆ ಮರ ಬೇಕು, ಹೆಚ್ಚಿನವರಿಗೆ ಎರಡೂ ಬೇಕು. ಮದುವೆಯಾಗಿ ಬಂದಾಗ ತವರಿನಿಂದ ಆ ಸಸಿ ತಂದು ನೆಟ್ಟ ಒಬ್ಬ ಅಜ್ಜಿ ಇದ್ದಾಳೆ. ಕೊನೆಯಲ್ಲಿ ಅವಳು ಕಡಿಯಲು ಬಂದವರಿಗೆ ನಾಲ್ಕು ಮಾತು ಹೇಳುತ್ತಾಳೆ. ಅಷ್ಟೇ. ನಾಯಕನಿಲ್ಲ, ನಾಯಕಿಯಿಲ್ಲ. ಅಜ್ಜಿಯೊಬ್ಬಳನ್ನು ಬಿಟ್ಟರೆ ಉಳಿದವರೇ ಹಂಚಿಕೊಂಡು ಎಲ್ಲವೂ ಆಗಬೇಕು: ಬಸ್ಸು, ಗಾಳಿ, ಪಂಚಾಯ್ತಿ ಸಭೆ. ಎಲ್ಲಕ್ಕಿಂತ ಹೆಚ್ಚಾಗಿ ಮರ. ರಂಗದ ಮೇಲೆ ನಿಜವಾದ ಒಂದು ಕಡ್ಡಿಯೂ ಇರಲಿಲ್ಲ. ನಾವೇ ಒಬ್ಬರ ಮೇಲೊಬ್ಬರು ಆತುಕೊಂಡು ಮರವಾಗಬೇಕಿತ್ತು.

ಅಜ್ಜಿಯ ಪಾತ್ರ ಸಿಕ್ಕಿದ್ದು ನನ್ನ ಕೋಣೆಯ ಗೆಳತಿಗೆ. ಅವಳು ಮತ್ತೋಡು ಕಡೆಯವಳು. ಹೊಲದ ಈ ಬದಿಯಲ್ಲಿ ನಿಂತು ಆ ಬದಿಯಲ್ಲಿದ್ದವರನ್ನು ಊಟಕ್ಕೆ ಕರೆದು ಬೆಳೆದ ದನಿ. ಅವಳು ಗುನುಗಿದರೂ ಪಕ್ಕದ ಕೋಣೆಗೆ ಕೇಳುತ್ತಿತ್ತು. ಪಾತ್ರ ಅವಳಿಗೆ ಸರಿಯಾಗಿಯೇ ಸಿಕ್ಕಿದೆ ಎಂದು ನನಗೆ ಗೊತ್ತಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಆವತ್ತು ಸಂಜೆ ಅವಳು ನನ್ನ ಊದಿದ ಕಣ್ಣು ನೋಡಿ ಏನೂ ಕೇಳದೆ ತನ್ನ ತಟ್ಟೆಯ ಮುದ್ದೆಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕಿದಳು. “ಉಣ್ಣು. ಕೊಂಬೆಗೆ ಬಲ ಬೇಕು” ಅಂದಳು. ನಗು ಬಂದುಬಿಟ್ಟಿತು.

ಮರವಾಗುವುದು ನಾವಂದುಕೊಂಡಷ್ಟು ಸುಲಭವಿರಲಿಲ್ಲ. ತುರುವನೂರಿನ ಹುಡುಗನೊಬ್ಬ ನಮ್ಮ ಕಾಂಡ. ಗಟ್ಟಿಮುಟ್ಟಾದ ಆಳು. ಅವನ ಭುಜದ ಮೇಲೆ ನನ್ನ ಭಾರವೆಲ್ಲ ಬಿಟ್ಟು, ಒಂದು ಕೈ ಚಾಚಿ ವಾಲಿಕೊಂಡಿರಬೇಕಿತ್ತು ನಾನು.

“ಲೇ, ನಿನ್ನ ಮೊಣಕೈ ನನ್ ಕಣ್ಣಾಗೈತೆ” ಎಂದು ಅವನು ತುಟಿ ಅಲುಗಿಸದೆ ಗೊಣಗುವುದು, ಮೇಲಿನ ಕೊಂಬೆಗಳು ಕಿಸಕ್ಕೆಂದು ನಗುವುದು, ಇಡೀ ಮರ ಕುಸಿಯುವುದು. ಮೊದಲ ವಾರಗಳೆಲ್ಲ ಹೀಗೇ ಕಳೆದವು.

ಆಮೇಲೆ ಮರ ಕುಸಿಯುವುದು ನಿಂತಿತು, ಆದರೆ ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ನಮ್ಮ ಮೇಷ್ಟ್ರು ಹೆಚ್ಚು ಮಾತಾಡುವವರಲ್ಲ. ತಾಲೀಮಿನ ಹಾಲಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ತಣ್ಣಗಾದ ಚಹಾ ಹಿಡಿದು ನೋಡುತ್ತಿರುತ್ತಿದ್ದರು. ಒಂದು ದಿನ ಎದ್ದು ಬಂದು ನನ್ನ ಮುಂದೆ ನಿಂತರು.

“ಈ ಕೊಂಬೆ ಒಂದು ಮಾತ್ರ ಫೋಟೋ ತೆಗೆಸ್ಕಳಾಕೆ ನಿಂತಂಗೈತಲ್ಲಮ್ಮ?”

ಎಲ್ಲರೂ ನಕ್ಕರು. ನಾನು ನಾಚಿ ಹೋದೆ. ಅವರು ಹೇಳಿದ್ದು ಸತ್ಯ. ಹೇಗಾದರೂ ಜನರ ಕಣ್ಣಿಗೆ ಬೀಳಲಿ ಎಂದು ನಾನು ಒಂದಿಷ್ಟು ಹೆಚ್ಚೇ ಹೊರಕ್ಕೆ ಬಾಗುತ್ತಿದ್ದೆ. ಮೇಷ್ಟ್ರು ನಗಲಿಲ್ಲ. “ಗಾಳಿ ಬಂದಾಗ ಎಲೆ ತಾನೇ ಅಲ್ಲಾಡ್ತೈತೆ, ನಾನು ಅಲ್ಲಾಡ್ತೀನಿ ನೋಡ್ರಿ ಅನ್ನಲ್ಲ. ನಿನ್ನ ಪಕ್ಕದೋರ ಉಸಿರು ಕೇಳಿಸ್ಕ. ಅದು ಹೋದಂಗೆ ಹೋಗು” ಎಂದು ಹೇಳಿ ಮತ್ತೆ ಸ್ಟೂಲಿಗೆ ಹೋದರು.

ಕೇಳಿಸಿಕೊಳ್ಳಲು ಶುರುಮಾಡಿದೆ. ಮೊದಲು ಕಾಂಡದ ಹುಡುಗನ ಉಸಿರು, ಆಮೇಲೆ ಮೇಲಿನವರದು. ಯಾರಿಗೆ ನೆಗಡಿಯಾಗಿದೆ, ಯಾರು ಬೆಳಿಗ್ಗೆ ಜಗಳವಾಡಿ ಬಂದಿದ್ದಾರೆ ಎಂದು ಬೆನ್ನಿಗೇ ಗೊತ್ತಾಗತೊಡಗಿತು. ಒಂದು ಮಧ್ಯಾಹ್ನ ಯಾರ ಸನ್ನೆಯೂ ಇಲ್ಲದೆ ಮರವೆಲ್ಲ ಒಟ್ಟಿಗೆ ತೂಗಿ ಒಟ್ಟಿಗೆ ನಿಂತಿತು. ಆವತ್ತು ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆ.

ಮರವಾಗಿ ನಿಂತಲ್ಲೇ ನಿಂತಿದ್ದರಿಂದ ಅಜ್ಜಿಯ ಮಾತೆಲ್ಲ ನನಗೆ ಬಾಯಿಪಾಠವಾಗಿತ್ತು. ನನಗೊಬ್ಬಳಿಗೇ ಅಲ್ಲ, ನಮ್ಮೆಲ್ಲರಿಗೂ.

ಮೊದಲ ಪ್ರಯೋಗ ಹೊಸದುರ್ಗದಲ್ಲಿ. ಚೆನ್ನಾಗಿಯೇ ಆಯಿತು. ಎರಡನೆಯದು ಹೊಳಲ್ಕೆರೆಯಲ್ಲಿ, ಒಂದು ಶಾಲೆಯ ಬಯಲಿನಲ್ಲಿ. ಹಿಂದಿನ ದಿನವೆಲ್ಲ ದೂಳಿನಲ್ಲಿ ತಾಲೀಮು ನಡೆದಿತ್ತು. ಬೆಳಿಗ್ಗೆ ಎದ್ದಾಗ ಗೆಳತಿ ಹಾಸಿಗೆಯ ಮೇಲೆ ಕೂತು ಗಂಟಲು ಹಿಡಿದುಕೊಂಡಿದ್ದಳು.

“ಏನಾತೆ?” ಎಂದೆ.

ಅವಳು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ.

ಅಂಥ ದನಿ ಇಲ್ಲವಾಗುವುದೆಂದರೆ ನನಗೆ ನಂಬಲಿಕ್ಕೇ ಆಗಲಿಲ್ಲ. ಬಿಸಿನೀರು, ಉಪ್ಪು, ಕಾಳುಮೆಣಸು ಎಲ್ಲ ಆಯಿತು. ಅಲ್ಲಿನ ವೈದ್ಯರೊಬ್ಬರು ಟಾರ್ಚ್ ಬಿಟ್ಟು ನೋಡಿ, ಗಂಟಲು ಊದಿದೆ, ಕೆಲವು ದಿನ ಪಿಸುಮಾತೂ ಬೇಡ ಅಂದರು. ಅವಳು ತಲೆಯಾಡಿಸಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಮೊಣಕಾಲಿಗೆ ಮುಖ ಒತ್ತಿಕೊಂಡಳು. ಅಳುವಿಗೂ ಸದ್ದಿರಲಿಲ್ಲ.

ಮಧ್ಯಾಹ್ನ ಮೇಷ್ಟ್ರು ನನ್ನನ್ನು ಕರೆದರು. “ಅಜ್ಜಿ ಮಾತು ನಿಂಗೆ ಬರ್ತಾವಲ್ಲ?”

“ಬರ್ತಾವೆ ಸರ್.”

“ಸೀರೆ ಉಟ್ಕಂಡು ಬಾ. ಒಂದ್ಸಾರಿ ನೋಡಾಣ.”

ಗೆಳತಿಯ ಕಡೆ ನೋಡಿದೆ. ಅವಳೇ ಎದ್ದು ಪೆಟ್ಟಿಗೆಯಿಂದ ಅಜ್ಜಿಯ ಸೀರೆ ತೆಗೆದು ನನಗೆ ಉಡಿಸಿದಳು. ಸೆರಗು ಸರಿಮಾಡುವಾಗ ಅವಳ ಕೈ ತಣ್ಣಗಿತ್ತು. ನನಗಾಗುತ್ತಿದ್ದದ್ದು ಹೆದರಿಕೆಯೋ ಆಸೆಯೋ ಹೇಳಲಾರೆ. ಎರಡೂ ಇದ್ದವು.

ಮಾತು ಶುರುಮಾಡಿದೆ. ಒಂದಕ್ಷರ ತಪ್ಪಲಿಲ್ಲ. ಆದರೆ ಬಾಯಿಂದ ಬಂದದ್ದೆಲ್ಲ ಅವಳ ರಾಗ. ಅವಳು ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ ಎಳೆದೆ, ಎಲ್ಲಿ ಕೆಮ್ಮುತ್ತಿದ್ದಳೋ ಅಲ್ಲೇ ಕೆಮ್ಮಿದೆ. ಬೇರೆಯವರ ಚಪ್ಪಲಿ ಮೆಟ್ಟಿ ನಡೆದ ಹಾಗೆ. ನಾನಿಲ್ಲದ ಮರವೂ ಒಂದು ಪಕ್ಕಕ್ಕೆ ವಾಲಿತ್ತು. ಕಾಂಡದ ಹುಡುಗ ಭುಜ ಉಜ್ಜಿಕೊಳ್ಳುತ್ತಾ, “ಭಾರ ಇಲ್ದಿದ್ರೆ ನಿಂತ್ಕಳಾಕೇ ಆಗವಲ್ದು ಸರ್” ಅಂದ.

ಮೇಷ್ಟ್ರು ತಲೆ ಕೆರೆದುಕೊಂಡರು. ಸಂಜೆ ಹತ್ತಿರವಾಗುತ್ತಿತ್ತು. ನಾನು ಸೀರೆ ಸುತ್ತಿಕೊಂಡೇ ನನ್ನ ಹಳೆಯ ಜಾಗಕ್ಕೆ ಹೋಗಿ ಅವನ ಭುಜಕ್ಕೆ ವಾಲಿದೆ. ಹಾಗೆ ವಾಲಿದಾಗ ಅಜ್ಜಿಯ ಮೊದಲ ಮಾತು ಅಲ್ಲಿಂದಲೇ ಬಾಯಿಗೆ ಬಂತು. ಬೇಕೆಂದು ಹೇಳಿದ್ದಲ್ಲ. ಮುಂದಿನ ಮಾತನ್ನು ಮೇಲಿನ ಕೊಂಬೆಯ ಹುಡುಗಿ ಹೇಳಿದಳು. ಅದರ ಮುಂದಿನದನ್ನು ಕಾಂಡ ಹೇಳಿದ.

ಮೇಷ್ಟ್ರು ಎದ್ದು ನಿಂತರು. “ತಡೀರಿ, ತಡೀರಿ. ಆ ಸೀರೆ ಅವಳಿಗೆ ಕೊಡು” ಎಂದು ಗೆಳತಿಯ ಕಡೆ ತಿರುಗಿ, “ನೀನು ನಡಿಯಮ್ಮ. ಬಾಯಿ ತೆಗೀಬ್ಯಾಡ. ಬರೀ ನಡಿ, ಕುಂತ್ಕ, ನೋಡು. ಮಾತು ಮರ ಆಡ್ಲಿ” ಅಂದರು.

ಆವತ್ತು ಹೊಳಲ್ಕೆರೆಯಲ್ಲಿ ಹಾಗೇ ಆಡಿದೆವು. ಅಜ್ಜಿ ಮೂಕಿಯಾಗಿ ಊರೆಲ್ಲ ಓಡಾಡಿದಳು. ಅವಳ ಮನಸ್ಸಿನ ಮಾತು ಹುಣಸೆಮರದೊಳಗಿಂದ, ಒಮ್ಮೆ ಹುಡುಗಿಯ ದನಿಯಲ್ಲಿ, ಒಮ್ಮೆ ಗಂಡಸಿನ ದನಿಯಲ್ಲಿ ಬಂತು. ಮುಗಿದ ಮೇಲೆ ಹಿರಿಯರೊಬ್ಬರು ಬಂದು, “ಮರಕ್ಕೇ ಬಾಯಿ ಕೊಟ್ರಲ್ಲಪ್ಪ!” ಎಂದು ಮೇಷ್ಟ್ರ ಕೈ ಹಿಡಿದುಕೊಂಡರು. ನಾವು ಕುಣಿದಾಡಿದೆವು. ಈ ನಾಟಕದಲ್ಲಿ ಮೊದಲ ಸಲ ನನ್ನ ದನಿ ಜನರಿಗೆ ಕೇಳಿತ್ತು.

ಊಟದ ಸಾಲಿನಲ್ಲಿ ಗೆಳತಿ ಕಾಣಲಿಲ್ಲ. ವ್ಯಾನಿನೊಳಗೆ ಕಿಟಕಿ ಪಕ್ಕ ಕೂತಿದ್ದಳು. ಅನ್ನ ಸಾರು ಕಲಸಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅವಳು ತಟ್ಟೆ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು: “ಎಲ್ಲಾರು ಚೆನ್ನಾಗಿತ್ತು ಅಂದ್ರು. ನಂದು ಬರೀ ಸೀರೆ ಇತ್ತು.”

ಅಲ್ಲ ಅಂದರೆ ಸುಳ್ಳಾಗುತ್ತಿತ್ತು. ನಮ್ಮ ಸಂತೋಷವೂ ಸುಳ್ಳಾಗಿರಲಿಲ್ಲ. ತಟ್ಟೆಯನ್ನು ಇಬ್ಬರ ನಡುವೆ ಇಟ್ಟೆ. ಅವಳು ಬಹಳ ಹೊತ್ತಿನ ಮೇಲೆ ಒಂದು ತುತ್ತು ತೆಗೆದುಕೊಂಡಳು.

ಹಿರಿಯೂರಿನ ಪ್ರಯೋಗಕ್ಕೆ ಮುಂಚೆ ಒಂದಿಷ್ಟು ದಿನ ಬಿಡುವಿತ್ತು. ಅವಳ ದನಿ ನಿಧಾನಕ್ಕೆ ಮರಳತೊಡಗಿತು. ಹಳೆಯ ದನಿಯಲ್ಲ; ತೂತು ಬಿದ್ದ ಚೀಲದಿಂದ ಕಾಳು ಸುರಿದಂಥ, ಒಡೆದ ದನಿ. ಒಂದು ಬೆಳಿಗ್ಗೆ ಮೇಷ್ಟ್ರು ಎಲ್ಲರನ್ನೂ ವೃತ್ತವಾಗಿ ಕೂರಿಸಿದರು.

“ಹೊಳಲ್ಕೆರೇಲಿ ಆಡಿದ್ದು ನಂಗೆ ಇಷ್ಟ ಆತು. ಹಂಗೇ ಇಟ್ಕಳಾಣ ಅಂತ ನನ್ನ ಮನಸ್ಸು. ಆದ್ರೆ ಇದು ಎಲ್ಲಾರ ನಾಟಕ. ಏನಂತೀರಿ?”

ಹಲವರು ಹೌದು ಅಂದರು. ಕೆಲವರು ನೆಲ ನೋಡಿದರು. ನಾನೂ ನೆಲ ನೋಡಿದೆ. ನನಗೆ ಆ ಮಾತುಗಳು ಬೇಕಾಗಿದ್ದವು. ಹಿರಿಯೂರಿಗೆ ಅಪ್ಪ ಅವ್ವ ಬರುವವರಿದ್ದರು.

ಆಗ ಗೆಳತಿ ಮಾತಾಡಿದಳು. ಅಷ್ಟು ದಿನದ ಮೇಲೆ ಅವಳು ಎಲ್ಲರೆದುರು ಬಾಯಿ ತೆರೆದದ್ದು ಅದೇ ಮೊದಲು.

“ಮೊದ್ಲಿಂದೆಲ್ಲ ಮರ ಆಡ್ಲಿ ಸರ್. ಅದು ಚೆನ್ನಾಗೈತೆ, ನಂಗೂ ಗೊತ್ತು. ಆದ್ರೆ ಕೊನೇ ಮಾತು ನಂಗೆ ಬೇಕು. ಆಯಮ್ಮ ಜೀವಮಾನವೆಲ್ಲ ಮರದ ಹತ್ರ ಮಾತಾಡಿರ್ತಾಳೆ, ಸರಿ. ಕಡಿಯಾಕೆ ಬಂದೋರ ಹತ್ರ ಆಯಮ್ಮನೇ ಮಾತಾಡ್ಬೇಕಲ್ವಾ?”

“ದನಿ ಹಿಂದಿನ ಸಾಲಿಗೆ ಮುಟ್ಟಲ್ಲಮ್ಮ” ಅಂದರು ಮೇಷ್ಟ್ರು, ಮೆಲ್ಲಗೆ.

“ಮುಟ್ಟಿದಷ್ಟು ಮುಟ್ಲಿ.”

ನಾನು ಹೇಳಿದೆ, “ಅವಳೇ ಹೇಳ್ಲಿ ಸರ್. ದನಿ ನಿಂತ್ರೆ ನಾವಿದೀವಿ, ಮಾತು ಎತ್ಕಂತೀವಿ.” ಬಿಟ್ಟುಕೊಡುವುದು ಸುಲಭವಾಗಿರಲಿಲ್ಲ, ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಕಾಂಡದ ಹುಡುಗನೂ “ಹೂಂ ಸರ್” ಅಂದ. ಮೇಷ್ಟ್ರು ಒಪ್ಪಿದರು.

ಹಿರಿಯೂರಿನಲ್ಲಿ ಆಟ ಬಯಲಲ್ಲೇ. ಸಂಜೆಗೇ ಜನ ತುಂಬಿದರು. ಕುರ್ಚಿಗಳು ಮುಗಿದು ಹಿಂದೆ ಗೋಡೆಯುದ್ದಕ್ಕೂ ಜನ ನಿಂತಿದ್ದರು. ಅವ್ವನನ್ನು ಯಾರೋ ಮುಂದೆ ಕರೆದು ಕೂರಿಸಿದ್ದರು. ಅಪ್ಪ ಕುರಿಗಳನ್ನು ದೊಡ್ಡಪ್ಪನಿಗೆ ಒಪ್ಪಿಸಿ, ಹೊಲದಿಂದ ನೆಟ್ಟಗೆ ಬಂದಿದ್ದ. ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಕೂರಲು ಒಲ್ಲೆನೆಂದು ಗೇಟಿನ ಹತ್ತಿರ ನಿಂತಿದ್ದು ನಾನು ವಾಲಿದ್ದಲ್ಲಿಂದ ಕಾಣುತ್ತಿತ್ತು.

ನಾಟಕ ತೂಗಿಕೊಂಡು ಸಾಗಿತು. ಮರ ಮಾತಾಡಿತು. ಕೊನೆಗೆ ಕೊಡಲಿ, ಯಂತ್ರ, ಸಾಹೇಬರು ಬಂದರು. ಅಜ್ಜಿ ಮರದ ಬುಡಕ್ಕೆ ಬಂದು ಜನರ ಕಡೆ ತಿರುಗಿದಳು.

“ಕಡೀರಿ” ಅಂದಳು. “ಬ್ಯಾಡ ಅನ್ನಲ್ಲ ನಾನು. ರಸ್ತೆ ನಿಮಗೂ ಬೇಕು, ನನ್ ಮೊಮ್ಮಕ್ಕಳಿಗೂ ಬೇಕು.”

ಒಡೆದ ದನಿ ಮುಂದಿನ ಸಾಲುಗಳನ್ನು ದಾಟಿತೋ ಇಲ್ಲವೋ. ಜನ ಮುಂದಕ್ಕೆ ಬಗ್ಗಿದರು. ಒಬ್ಬಾಕೆ ಮಗುವಿನ ಬಾಯಿಗೆ ಕೈ ಇಟ್ಟಳು.

“ಆದ್ರೆ ಮೊದ್ಲು ಬಂದು…”

ಅಲ್ಲಿ ದನಿ ನಿಂತಿತು. ಅವಳ ಕುತ್ತಿಗೆಯ ನರ ಎದ್ದದ್ದು ಹಿಂದಿನಿಂದಲೇ ಕಂಡಿತು. ಮುಂದಿನ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಎತ್ತಿಕೊಳ್ಳುತ್ತೇವೆ ಎಂದು ಮಾತು ಕೊಟ್ಟವಳೂ ನಾನೇ. ಉಸಿರು ತುಂಬಿಕೊಂಡೆ. ನನ್ನ ಕೆಳಗೆ ಕಾಂಡದ ಹುಡುಗನೂ ತುಂಬಿಕೊಂಡ, ಮೇಲಿನವರೂ ತುಂಬಿಕೊಂಡರು. ಇಡೀ ಮರ ಉಸಿರು ಎಳೆದುಕೊಂಡಿತು. ಆದರೆ ಯಾರೂ ಅದನ್ನು ಹೊರಗೆ ಬಿಡಲಿಲ್ಲ. ಇದು ಅವಳದು ಎಂದು ಎಲ್ಲರಿಗೂ ಒಟ್ಟಿಗೇ ಹೇಗೆ ಗೊತ್ತಾಯಿತೋ ನನಗೆ ಈಗಲೂ ತಿಳಿಯದು. ಹೆದ್ದಾರಿಯಲ್ಲಿ ಒಂದು ಲಾರಿ ಹಾರನ್ ಮಾಡುತ್ತಾ ಹೋಯಿತು. ಅದೂ ದೂರವಾಯಿತು.

ಅಜ್ಜಿ ನಿಧಾನವಾಗಿ ನೆಲಕ್ಕೆ ಕೂತಳು. ಪಕ್ಕದ ಮಣ್ಣನ್ನು ಅಂಗೈಯಿಂದ ತಟ್ಟಿದಳು.

“…ಕುಂತ್ಕಳ್ರಿ” ಅಂದಳು. “ಒಂದ್ ಮಧ್ಯಾಹ್ನ ಈ ನೆಳ್ಳಾಗೆ ಕುಂತ್ಕಳ್ರಿ. ಏನ್ ಕಡೀತಿದೀವಿ ಅಂತ ಗೊತ್ತಾಗ್ಲಿ. ಆಮೇಲೆ ಕಡೀರಿ.”

ಗೋಡೆಯ ಹತ್ತಿರ ನಿಂತವರಲ್ಲಿ ಒಬ್ಬರು ಕೂತರು. ಅವರ ಪಕ್ಕದವರು ಕೂತರು. ಆಮೇಲೆ ಅಲ್ಲೊಬ್ಬರು, ಇಲ್ಲಿಬ್ಬರು, ದೂಳು ನೆಲದ ಮೇಲೇ. ಗೇಟಿನ ಹತ್ತಿರ ಅಪ್ಪ ಹೆಗಲ ಕಂಬಳಿ ತೆಗೆದು ಹಾಸಿ, ಅದರ ಮೇಲೆ ಕೂತ. ಕೊಂಬೆ ಅಳಬಾರದು. ನನ್ನ ಕಣ್ಣೀರು ಕಾಂಡದ ಹುಡುಗನ ಕುತ್ತಿಗೆಯ ಮೇಲೆ ಇಳಿಯುತ್ತಿತ್ತು, ಪುಣ್ಯಾತ್ಮ ಅಲುಗಾಡಲಿಲ್ಲ.

ಆಟ ಮುಗಿದ ಮೇಲೆ ಅಪ್ಪ ನನ್ನ ಹತ್ತಿರ ಬರುವ ಮೊದಲು ಗೆಳತಿಯ ಹತ್ತಿರ ಹೋದ. “ಯಾವೂರವ್ವ ನಿಂದು?” ಅಂದ. ಅವಳು ಪಿಸುಗುಟ್ಟಿದಳು. “ಗಂಟ್ಲು ನೋಡ್ಕ ತಾಯಿ, ದೊಡ್ಡಾಸ್ಪತ್ರೆಗೆ ತೋರ್ಸು” ಎಂದು ಹೇಳಿ, ಅವ್ವ ನನಗೆಂದು ಕಟ್ಟಿ ತಂದಿದ್ದ ಬುತ್ತಿಯನ್ನು ಅವಳ ಕೈಗೆ ಕೊಟ್ಟುಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, “ತೋಳು ನೋಯಲ್ವೇನೆ ಅಷ್ಟೊತ್ತು ಹಂಗೇ ಹಿಡ್ಕಂಡ್ರೆ?” ಎಂದು ಕೇಳಿದ.

“ನೋಯ್ತೈತೆ” ಅಂದೆ.

“ಅಂಥದ್ರಾಗೂ ಅಲ್ಲಾಡ್ಲಿಲ್ಲ” ಎಂದು ಅವ್ವನಿಗೆ ಹೇಳಿದ, ನನಗಲ್ಲ.

ಕೊನೆಯ ಪ್ರಯೋಗ ಚಿತ್ರದುರ್ಗದ ಒಂದು ಸಭಾಂಗಣದಲ್ಲಿ. ಮೈಕು, ಬೆಳಕು, ಮೆತ್ತನೆಯ ಕುರ್ಚಿಗಳು. ಗೆಳತಿಯ ದನಿ ಅಷ್ಟೊತ್ತಿಗೆ ಇನ್ನಷ್ಟು ಸುಧಾರಿಸಿತ್ತು. ಕೊನೆಯ ಮಾತು ಎಲ್ಲೂ ನಿಲ್ಲಲಿಲ್ಲ, ಎಲ್ಲರಿಗೂ ಕೇಳಿತು, ಜೋರು ಚಪ್ಪಾಳೆ ಬಿತ್ತು. ಆದರೆ ಹಿರಿಯೂರಿನಲ್ಲಿ ಬಂದದ್ದು ಅಲ್ಲಿ ಬರಲಿಲ್ಲ. ಮೇಷ್ಟ್ರು ಬಣ್ಣ ಒರೆಸಿಕೊಳ್ಳುತ್ತಿದ್ದ ನಮ್ಮ ಹತ್ತಿರ ಬಂದು, “ದಿನಾ ಬರಲ್ಲ ಕಣ್ರಪ್ಪ ಅದು. ಬರ್ಲಿಲ್ಲ ಅಂತ ಹುಡುಕ್ತಾ ಹೋಗ್ಬ್ಯಾಡ್ರಿ” ಎಂದು ಹೇಳಿ ಚಹಾ ಹುಡುಕಿಕೊಂಡು ಹೋದರು.

ಮಾರನೆಯ ದಿನ ನಾವು ಚದುರಿದೆವು. ನಾನೀಗ ಊರೂರು ತಿರುಗುವ ಒಂದು ತಂಡದಲ್ಲಿದ್ದೇನೆ. ಮಾತಿರುವ ಪಾತ್ರಗಳು ಸಿಗುತ್ತವೆ, ಒಮ್ಮೊಮ್ಮೆ ದೊಡ್ಡವೂ. ಜೊತೆಗಾರರು ಮಾತು ಮರೆತು ನಿಂತಾಗ ಈಗಲೂ ನನ್ನ ಮೊದಲ ಗೊಂದಲ ಅದೇ: ಎತ್ತಿಕೊಳ್ಳಬೇಕೋ, ಕಾಯಬೇಕೋ. ಕೆಲವು ಸಲ ತಪ್ಪು ಮಾಡುತ್ತೇನೆ.

ಗೆಳತಿ ದಾವಣಗೆರೆಯಲ್ಲಿ ಗಂಟಲಿಗೆ ಚಿಕಿತ್ಸೆ ಮಾಡಿಸಿಕೊಂಡಳು. ನೋವು ಹೋಯಿತು, ಹಳೆಯ ದನಿ ಪೂರ್ತಿ ಬರಲಿಲ್ಲ. ಒಂದು ಎಳೆ ಒಡಕು ಉಳಿಯಿತು. ಅವಳೀಗ ಹೊಸದುರ್ಗದ ಸುತ್ತಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ಮೊನ್ನೆ ಫೋನ್ ಮಾಡಿದ್ದಳು. ಅವಳು ತರಗತಿಯಿಂದ ಹೊರಗೆ ಹೋದ ತಕ್ಷಣ ಮಕ್ಕಳು ಅವಳ ಗೊಗ್ಗರು ದನಿಯಲ್ಲಿ ಹಾಜರಿ ಕೂಗುತ್ತಾರಂತೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳಂತೆ.

“ಬೈದ್ಯೇನೆ?” ಎಂದು ಕೇಳಿದೆ.

“ಯಾಕೆ ಬೈಯ್ಲಿ? ಅವರಾಗೆ ಒಬ್ಬಳು ಎಷ್ಟ್ ಚಂದ ಮಾಡ್ತಾಳೆ ಗೊತ್ತಾ” ಎಂದು ಹೇಳುತ್ತಾ ಅವಳು ನಗತೊಡಗಿದಳು, ನಗು ಕೆಮ್ಮಾಗುವ ತನಕ.